ಮಾವನವರ ಅಂಬಾಸಡರಿಗೆ ಒಂದು ಎಂಜಿನ್

ಇವತ್ತು ಮಧ್ಯಾಹ್ನ ಮೆಂತ್ಯ ಸೊಪ್ಪು ಸೋಸುತ್ತ ಕುಳಿತಿದ್ದೆ. ನಿವೃತ್ತನಾದ ಮೇಲೆ ಮನೆಯ ಮಂತ್ರಿಮಂಡಲದಲ್ಲಿ ನನಗೆ ಸಿಕ್ಕಿದ್ದು ಸೊಪ್ಪು-ತರಕಾರಿ ಖಾತೆ. ಇದಕ್ಕಿಂತ ದೊಡ್ಡದನ್ನು ನನ್ನ ಕೈಗೆ ಕೊಡುವ ಧೈರ್ಯ ನನ್ನ ಹೆಂಡತಿ ಗಿರಿಜಾಗೆ ಇನ್ನೂ ಬಂದಿಲ್ಲ. ಒಂದು ಸಿವುಡು ಬಿಚ್ಚಿದಾಗ ಮೆಂತ್ಯದ ವಾಸನೆಯ ಜೊತೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಪೆಟ್ರೋಲು. ನಿನ್ನೆ ಸಂಜೆ ಗಿರಿಜಾ ಸಂತೆಯ ಚೀಲವನ್ನು ಕಾರಿನ ಡಿಕ್ಕಿಯಲ್ಲಿಟ್ಟು ತಂದಿದ್ದಾಳೆ, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಸೊಪ್ಪನ್ನು ಇನ್ನೊಂದು ಸಲ ತೊಳೆದು ಒಗ್ಗರಣೆಗೆ ಹಾಕುತ್ತಿದ್ದರು. ನಾನು ಎದ್ದು ಅಂಗಳಕ್ಕೆ ಹೋಗಿ, ಕಾರು ನಿಲ್ಲುವ ಜಾಗದಲ್ಲಿ ಮೊಣಕಾಲೂರಿ, ನೆಲದ ಮೇಲೆ ಏನೂ ಸೋರಿದ ಗುರುತಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದೆ.

ನಗಬೇಡಿ. ಅಥವಾ ನಗಿ, ಪರವಾಗಿಲ್ಲ, ನನಗೆ ರೂಢಿಯಾಗಿದೆ. ನಾನು ಹುಟ್ಟಾ ಪುಕ್ಕಲ. ಗ್ಯಾಸ್ ಸಿಲಿಂಡರು, ಲಿಫ್ಟು, ಕಟ್ಟದೆ ಬಿಟ್ಟ ನಾಯಿ, ಡಾಕ್ಟರು ರಿಪೋರ್ಟು ಓದುವಾಗ ಒಂದು ಗಳಿಗೆ ಸುಮ್ಮನಾಗುವುದು, ಎಲ್ಲಕ್ಕೂ ಅಂಜುತ್ತೇನೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಾಗ ಪಾಣಿಪತ್ತಿನ ರಣರಂಗದಲ್ಲಿ ಆನೆ ಕುದುರೆಗಳನ್ನು ಧಾರಾಳವಾಗಿ ಓಡಾಡಿಸಿದವನು ನಾನು. ಪಾಠ ಮುಗಿಸಿ ಹೊರಗೆ ಬಂದು ರಸ್ತೆ ದಾಟಬೇಕಾದರೆ ಯಾರಾದರೂ ದಾಟುವವರು ಬರಲಿ ಎಂದು ಕಾಯುತ್ತಿದ್ದೆ. ಇಂಥವನು ಕಾರು ಕಲಿಯುವ ಮಾತೆಲ್ಲಿ? ದೇವರು ನನ್ನ ಈ ಕೊರತೆಯನ್ನು ನೋಡಿಯೇ ಇರಬೇಕು, ಗಾಡಿ ಹೊಡೆಯುವ ಹೆಂಡತಿಯನ್ನು ಕೊಟ್ಟ. ಅಲ್ಲಿಂದ ನನ್ನ ಅಂಜಿಕೆಗೆ ದಿನಾಲೂ ಕೈತುಂಬ ಕೆಲಸ ಸಿಕ್ಕಿತು.

ಗಿರಿಜಾ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯ ಮಗಳು. ಪೇಟೆಗೆ ರಜೆ ಇದ್ದ ದಿನ ಖಾಲಿ ಪ್ರಾಂಗಣದಲ್ಲಿ, ಹತ್ತಿಯನ್ನು ಒತ್ತಿ ಕಟ್ಟಿದ ದೊಡ್ಡ ಅಂಡಿಗೆಗಳ ಸಾಲುಗಳ ನಡುವೆ, ಅವಳ ಅಪ್ಪ ಅವಳಿಗೆ ತಮ್ಮ ಬಿಳಿ ಅಂಬಾಸಡರ್ ಕಲಿಸಿದರು. ಕಲಿಸಿದರು ಎಂದರೆ ಪಕ್ಕದಲ್ಲಿ ಅಡಿಕೆ ಅಗಿಯುತ್ತ ಕುಳಿತರು, ಅಷ್ಟೇ. ಅಂಡಿಗೆಗೆ ಗುದ್ದಿದರೆ ಹತ್ತಿಗೇನೂ ಆಗುವುದಿಲ್ಲ, ಕಾರಿಗೂ ಆಗುವುದಿಲ್ಲ ಎಂಬುದು ಅವರ ಲೆಕ್ಕ. ಮಾವನವರು ತೀರಿಕೊಂಡ ಮೇಲೆ ಕಾರನ್ನು ಗುಜರಿಗೆ ಹಾಕೋಣ ಎಂದು ಎಲ್ಲರೂ ಅಂದಾಗ ಇವಳು ಯಾರ ಕೂಡ ಜಗಳವಾಡಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಸ್ಟೇರಿಂಗಿನ ಹಿಂದೆ ಕುಳಿತು, ದೇಶಪಾಂಡೆ ನಗರದ ನಮ್ಮ ಮನೆಯ ಅಂಗಳಕ್ಕೆ ತಂದು ನಿಲ್ಲಿಸಿದಳು.

ಆಕೆ ಸತ್ತೂರಿನ ಆಸ್ಪತ್ರೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾಳೆ, ಅವರನ್ನು ವಾರ್ಡುಗಳಿಗೆ ಕರೆದೊಯ್ದು ಕೆಲಸ ಕಲಿಸುತ್ತಾಳೆ. ದಿನಾ ಉಣಕಲ್ಲು, ನವನಗರ ದಾಟಿ ಹೋಗಬೇಕು, ಅದೇ ದಾರಿಯಲ್ಲಿ ಬರಬೇಕು. ಚಿಗರಿ ಎಂಬ ಎ.ಸಿ. ಬಸ್ಸು ತಣ್ಣಗೆ, ಸುಖವಾಗಿ ಹೋಗುತ್ತದಲ್ಲ, ಅದರಲ್ಲಿ ಹೋಗು ಎಂದು ನಾನು ಎಷ್ಟೋ ಸಲ ಗೋಗರೆದಿದ್ದೇನೆ.

"ಬಸ್ಸು ಛಲೋ ಐತ್ರಿ," ಅನ್ನುತ್ತಿದ್ದಳು. "ಆದ್ರ ಬಸ್ಸಿನ್ಯಾಗ ನಮ್ಮಪ್ಪ ಇಲ್ಲಲ್ಲ."

ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಮೊದಲು ಒಯ್ಯುವುದೇ ಅವಳು ಕೆಲಸ ಕಲಿಸುವ ವಾರ್ಡುಗಳಿಗೆ. ಅಲ್ಲಿ ಕಂಡದ್ದನ್ನು ಗಿರಿಜಾ ಎಂದೂ ಮನೆಗೆ ತಂದವಳಲ್ಲ. ಆದರೆ ನನಗೆ ತಿಳಿಯುತ್ತಿತ್ತು. ಕೆಲವು ಸಂಜೆ ಬಂದವಳೇ ಚಹಾ ಕುಡಿಯದೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂಡುತ್ತಿದ್ದಳು. ಆ ದಿನ ಯಾರೋ ಮನೆಗೆ ಮರಳಿಲ್ಲ ಎಂದು ಅರ್ಥ. ನಾನು ಕೇಳುತ್ತಿರಲಿಲ್ಲ, ಕೇಳಿದರೆ ಹೇಳಿಬಿಟ್ಟಾಳೆಂಬ ಭಯ.

ಈಗ ಎಂಜಿನ್ನಿನ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಕಿತ್ತೂರಿನ ಕಡೆ ಒಂದು ಮದುವೆ ಮುಗಿಸಿಕೊಂಡು ಬೈಪಾಸಿನಲ್ಲಿ ಬರುತ್ತಿದ್ದೆವು. ಆಗಿನ ಬೈಪಾಸು ನಿಮಗೆ ನೆನಪಿರಬಹುದು. ಹೋಗುವವರಿಗೂ ಬರುವವರಿಗೂ ಕೂಡಿ ಒಂದೇ ರಸ್ತೆ, ನಡುವೆ ಬರೀ ಒಂದು ಬಿಳಿ ಗೆರೆ. ಮುಂದೆ ಕಬ್ಬು ತುಂಬಿದ ಟ್ರಾಕ್ಟರು ತೆವಳುತ್ತಿತ್ತು. ಎದುರಿಗೆ ರಸ್ತೆ ಖಾಲಿ ಇದ್ದುದನ್ನು ನೋಡಿ ಗಿರಿಜಾ ಬಲಕ್ಕೆ ತೆಗೆದಳು. ಟ್ರಾಕ್ಟರಿನ ಸರಿಸಮಕ್ಕೆ ಬಂದಾಗ ನಮ್ಮ ಕಾರು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಸುಮ್ಮನಾಯಿತು. ಗಾಡಿ ಉರುಳುತ್ತಿತ್ತು, ಎಂಜಿನ್ನಿನ ಸದ್ದೇ ಇರಲಿಲ್ಲ. ಎಡಕ್ಕೆ ಕಬ್ಬಿನ ಗೋಡೆ. ಎದುರಿನ ಏರು ದಾಟಿ ಒಂದು ಲಾರಿಯ ತಲೆ ಕಾಣಿಸಿಕೊಂಡಿತು.

ಆ ಗಳಿಗೆಯಲ್ಲಿ ದೇವರ ಹೆಸರು ಬಾಯಿಗೆ ಬರುತ್ತದೆಂದು ಹೇಳುತ್ತಾರೆ. ನನಗೆ ಏನೂ ಬರಲಿಲ್ಲ. ಎರಡೂ ಕಾಲನ್ನು ನೆಲಕ್ಕೆ ಒತ್ತಿ ಹಿಡಿದು ಲಾರಿಯ ಹಣೆಯ ಮೇಲೆ ಬರೆದ ಅಕ್ಷರಗಳು ದೊಡ್ಡದಾಗುವುದನ್ನು ನೋಡುತ್ತ ಕುಳಿತಿದ್ದೆ. ಗಿರಿಜಾ ಮಾತ್ರ ಬ್ರೇಕು ಒತ್ತಿ, ಟ್ರಾಕ್ಟರು ಮುಂದೆ ಸರಿಯುವವರೆಗೆ ಕಾಯ್ದು, ಉಳಿದ ಉರುಳಿನಲ್ಲೇ ಅದರ ಬೆನ್ನಿಗೆ ಎಡಕ್ಕೆ ಹಾಯ್ದು ಮಣ್ಣಿನ ಅಂಚಿಗೆ ಇಳಿಸಿದಳು. ಲಾರಿ ಹಾರ್ನು ಬಾರಿಸುತ್ತ ಹೋಯಿತು. ಅದರ ಗಾಳಿಗೆ ನಮ್ಮ ಕಾರು ಅಲುಗಾಡಿದ್ದು ಇವತ್ತಿಗೂ ನನ್ನ ಬೆನ್ನಿಗೆ ನೆನಪಿದೆ.

"ಎಂಜಿನ್ ಮುಗೀತು," ಅಂದಳು ಗಿರಿಜಾ. ಅಷ್ಟೇ ಅಂದದ್ದು.

ಕಾರನ್ನು ಎಳೆಸಿಕೊಂಡು ಹೋಗಿದ್ದು ತಾರಿಹಾಳದ ರಫೀಕ್‌ಸಾಬರ ಗ್ಯಾರೇಜಿಗೆ. ಮಾವನವರ ಕಾಲದಿಂದ ಈ ಕಾರಿನ ನಾಡಿ ಹಿಡಿದವರು ಅವರು. ಬಹಳ ಮಾತಿನ ಮನುಷ್ಯ, ತುಸು ಬಡಾಯಿಯೂ ಉಂಟು. ಮುಂಜಾನೆ ಹೇಳಿದ್ದನ್ನು ಸಂಜೆ ಅಷ್ಟೇ ಆತ್ಮವಿಶ್ವಾಸದಿಂದ ತಿರುಗಿಸಿ ಹೇಳಬಲ್ಲರು. ಬಾನೆಟ್ ಎತ್ತಿ ನೋಡಿ, ಮುಚ್ಚಿ, ಅದರ ಮೇಲೆ ಕೈ ಇಟ್ಟರು.

"ತಂಗೆವ್ವಾ, ಇದನ್ನ ಮತ್ತ ಕೊರದು ರಿಂಗ್ ಹಾಕಿದ್ರ ಇನ್ನೊಂದೀಟು ದಿನಾ ನಡದೀತು. ಆದ್ರ ಹಾದ್ಯಾಗ ಮತ್ತ ಕೈ ಕೊಡೂದಿಲ್ಲಂತ ನಾ ಹೇಳೂದಿಲ್ಲ. ಬ್ಯಾರೆ ಎಂಜಿನ್ ಕೂಡಸೂದ ಛಲೋ."

ಬೇರೆ ಎಂಜಿನ್ ಎಂದರೆ ಅಂಗಡಿಗೆ ಹೋಗಿ ಬೆಂಡೆಕಾಯಿ ಆರಿಸಿದಂತಲ್ಲ ಎಂದು ನನಗೆ ಆಗ ತಿಳಿಯಿತು. ಈಗಿನ ಬಹಳಷ್ಟು ಕಾರುಗಳಲ್ಲಿ ಎಂಜಿನ್ ಅಡ್ಡ ಮಲಗಿರುತ್ತದೆ, ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ನಮ್ಮ ಕಾರಿನದು ಹಿಂದಿನ ಗಾಲಿಯ ಸಂಸಾರ. ಎಂಜಿನ್ ಉದ್ದಕ್ಕೆ ಕೂಡಬೇಕು, ಅದರ ಬೆನ್ನಿಗೆ ಗೇರು, ಅಲ್ಲಿಂದ ಕಾರಿನ ಹೊಟ್ಟೆಯ ಕೆಳಗೆ ಹಾಯ್ದು ಹೋಗುವ ಒಂದು ಉದ್ದನೆಯ ಶಾಫ್ಟು. ಸಿಲಿಂಡರು ನಾಲ್ಕೇ ಇರಬೇಕು, ಹೆಚ್ಚಿದ್ದರೆ ಉದ್ದ ಹಿಡಿಸುವುದಿಲ್ಲ, ಕಡಿಮೆಯಾದರೆ ಇಷ್ಟು ಭಾರದ ಗಾಡಿ ಎಳೆಯುವುದಿಲ್ಲ. ಇಷ್ಟೆಲ್ಲ ಕರಾರಿಗೆ ಒಪ್ಪುವ ವರಗಳು ರಫೀಕ್‌ಸಾಬರ ಬಳಿ ಎರಡೇ ಇದ್ದವು.

ಒಂದು, ಹಳೆಯ ಟೆಂಪೋದಿಂದ ಬಿಚ್ಚಿದ ಡೀಸೆಲ್ ಎಂಜಿನ್. ಭಾರ, ಸದ್ದು ಜಾಸ್ತಿ, ಓಟ ಕಡಿಮೆ. ನನಗೆ ಅದನ್ನು ನೋಡಿದ ಕೂಡಲೇ ಪ್ರೀತಿ ಬಂತು. ಓಡದ ಎಂಜಿನ್ನಿಗಿಂತ ಒಳ್ಳೆಯ ಎಂಜಿನ್ ಯಾವುದಿದ್ದೀತು? ಇನ್ನೊಂದು, ಮನೆಮಂದಿಯೆಲ್ಲ ಕೂತು ಹೋಗುವಂಥ ಒಂದು ವ್ಯಾನಿನ ಪೆಟ್ರೋಲ್ ಎಂಜಿನ್. ಹಗುರ, ಚುರುಕು, ಹೆಚ್ಚುಕಡಿಮೆ ಹೊಸದು. ವ್ಯಾನು ಗ್ಯಾರೇಜಿನ ಹಿಂದೆಯೇ ನಿಂತಿತ್ತು.

"ಇಷ್ಟ ಹೊಸಾದು ಗುಜರಿಗೆ ಹೆಂಗ ಬಂತ್ರಿ?" ಎಂದು ಕೇಳಿದೆ.

ರಫೀಕ್‌ಸಾಬರು ನನ್ನನ್ನು ಕನಿಕರದಿಂದ ನೋಡಿದರು. "ಸರ, ಮುದುಕಾಗಿ ಸತ್ತ ಗಾಡಿ ಎಂಜಿನ್ನೂ ಮುದುಕನ ಇರತೈತ್ರಿ. ಎಂಜಿನ್ ಹರೇದ್ದು ಬೇಕಂದ್ರ ಗಾಡಿ ಹರೇದಾಗ ಹೋಗಿರಬೇಕು. ಆ್ಯಕ್ಸಿಡೆಂಟ್ ಗಾಡೀದ ಬೇಕು. ನಮ್ಮ ಧಂದೇನ ಹಂಗೈತಿ, ಏನ ಮಾಡೂದು?"

ನಾನು ಹಿಂದೆ ಹೋಗಿ ನೋಡಿದೆ. ಹೋಗಬಾರದಿತ್ತು. ವ್ಯಾನಿನ ಎಡ ಮಗ್ಗುಲು ಒಳಕ್ಕೆ ಮಡಚಿಹೋಗಿತ್ತು. ಮೂತಿ ನೆಟ್ಟಗಿತ್ತು, ಮುಂದಿನ ಸೀಟಿನ ಕೆಳಗಿದ್ದ ಎಂಜಿನ್ನಿಗೆ ಒಂದು ಗೀರೂ ಇರಲಿಲ್ಲ. ಹಿಂದಿನ ಸೀಟಿಗೆ ಕಂಪನಿಯವರು ಹೊದಿಸಿದ ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿರಲಿಲ್ಲ. ಹೊಲಸಾಗಬಾರದೆಂದು ಯಾರೋ ಜೋಪಾನ ಮಾಡಿದ್ದರು.

"ಒಳಗ ಇದ್ದವರು?" ಎಂದೆ.

"ಅದನ್ನ ಯಾರೂ ಕೇಳೂದಿಲ್ರಿ ಸರ," ಅಂದರು ರಫೀಕ್‌ಸಾಬ್. ಚಿಂದಿ ಬಟ್ಟೆಗೆ ಕೈ ಒರೆಸುತ್ತ ನಿಂತರು.

ಬೇಡ, ಬೇಡ, ಈ ಎಂಜಿನ್ ಬೇಡ ಎಂದು ನಾನು ಹಟ ಹಿಡಿದೆ. ಸಾವು ಕಂಡ ಎಂಜಿನ್ ನನ್ನ ಹೆಂಡತಿಯ ಮುಂದೆ ಕೂತು ಓಡುವುದು ಬೇಡ. ಟೆಂಪೋದ್ದು ನಿಧಾನ, ಅದೇ ಇರಲಿ. ಗಿರಿಜಾ ವ್ಯಾನಿನ ಸುತ್ತ ಒಂದು ಸುತ್ತು ಹಾಕಿ ಬಂದಳು. ಮುಖದಲ್ಲಿ ಏನೂ ಇರಲಿಲ್ಲ.

"ಸಾವಕಾಶ ಹೋಗೂದು ನನ್ನ ಕಾಲಾಗ ಐತ್ರಿ, ಎಂಜಿನ್‌ನ್ಯಾಗ ಅಲ್ಲ," ಅಂದಳು. "ದಾಟೂ ಹೊತ್ತಿನ್ಯಾಗ ದಾಟಬೇಕು. ಟೆಂಪೋದ್ದು ಹಾಕಿಸಿದ್ರ ಆವತ್ತಿನಂಗ ನಟ್ಟನಡುವ ಉಳಿತೇನಿ. ಮತ್ತ ಈ ವ್ಯಾನಿನ ಸುದ್ದಿ ನನಗ ಗೊತ್ತೈತಿ. ನಮ್ಮ ದವಾಖಾನಿಗೇ ತಂದಿದ್ರು. ಎಲ್ಲಾರೂ ನಡಕೋತ ಮನೀಗೆ ಹೋಗ್ಯಾರ. ಸಣ್ಣ ಪುಟ್ಟ ಗಾಯ, ಅಷ್ಟ."

"ಖರೇನ?"

"ಖರೇ."

ಆ ಒಂದು ಮಾತಿನ ಮೇಲೆ ನಾನು ಒಪ್ಪಿದೆ. ಎಂಜಿನ್ ಬದಲಿಸಲು ಸಾರಿಗೆ ಕಚೇರಿಯ ಒಪ್ಪಿಗೆ ತರುವ ಓಡಾಟವನ್ನೂ ಮಾಡಿದೆ. ಅಲ್ಲಿ ಅಂಜುವಂಥದ್ದು ಸರತಿ ಸಾಲು ಮಾತ್ರ.

ಕೂಡಿಸುವ ಕೆಲಸ ನಡೆದಷ್ಟು ದಿನ ನಾನು ತಾರಿಹಾಳಕ್ಕೆ ಹೋಗಿ ಒಂದು ಸ್ಟೂಲಿನ ಮೇಲೆ ಕೂಡುತ್ತಿದ್ದೆ. ರಫೀಕ್‌ಸಾಬರು ದಾರ ಹಿಡಿದು ಅಳತೆ ಮಾಡಿ "ಬಿಲ್ಕುಲ್ ಕೂಡತೈತ್ರಿ" ಅಂದಿದ್ದರು. ರಾಟೆಯ ಸರಪಳಿಗೆ ಕಟ್ಟಿ ಇಳಿಸಿದಾಗ ಅದರ ಎಣ್ಣೆಯ ಹೊಟ್ಟೆ ಕಾರಿನ ಅಡ್ಡಪಟ್ಟಿಗೆ ಬಡಿದು ನಿಂತಿತು. "ನಾ ಮೊದಲ ಹೇಳಿದ್ನಿಲ್ಲೋ ಬಡೀತೈತಂತ?" ಎಂದು ಅವರು ತಮ್ಮನ್ನೇ ಗದರಿಕೊಂಡರು. ಹೊಟ್ಟೆಯನ್ನು ಕತ್ತರಿಸಿ ಬೇರೆ ಆಕಾರಕ್ಕೆ ಬೆಸೆದರು. ಶಾಫ್ಟನ್ನು ಈ ಹೊಸ ಅಳತೆಗೆ ಮಾಡಿಸಿ ತಂದರು. ಇಷ್ಟಾದ ಮೇಲೆ ಒಂದು ಸಣ್ಣ ಲೋಹದ ಡಬ್ಬಿ ತೋರಿಸಿದರು.

"ಇದು ಇದರ ಮಿದುಳ್ರಿ ಸರ. ಹೊಸಾ ಎಂಜಿನ್ನಿಗೆ ಮಿದುಳ ಬ್ಯಾರೆ ಇರತೈತಿ. ಇದನ್ನ ಬಿಟ್ಟು ಬರೇ ಎಂಜಿನ್ ತಂದ್ರ ಅದು ಏಳೂದಿಲ್ಲ."

ನನಗೆ ಅಷ್ಟು ಸಾಕಾಯಿತು. ಮಿದುಳು ಇದ್ದರೆ ನೆನಪೂ ಇರಬೇಕಲ್ಲ? ಆ ಡಬ್ಬಿಯೊಳಗೆ ವ್ಯಾನಿನ ಕೊನೆಯ ಗಳಿಗೆ ಹಾಗೇ ಕೂತಿದ್ದರೆ? ಎಲ್ಲರೂ ನಡೆದು ಮನೆಗೆ ಹೋಗಿದ್ದಾರೆ, ಗಿರಿಜಾ ಹೇಳಿದ್ದಾಳೆ ಎಂದು ಮನಸ್ಸಿನಲ್ಲೇ ಜಪ ಮಾಡಿದೆ. ಆ ಡಬ್ಬಿಯನ್ನು ನಾನು ಮುಟ್ಟಲಿಲ್ಲ. ಬದಲಿಗೆ ಬ್ರೇಕಿನ ಬಗ್ಗೆ ರಫೀಕ್‌ಸಾಬರ ಜೀವ ತಿಂದೆ. ಓಡುವುದು ಹೊಸದಾದರೆ ನಿಲ್ಲುವುದೂ ಹೊಸದಾಗಬೇಕಲ್ಲವೇ? ಕಾಟ ತಾಳಲಾರದೆ ಅವರು ಬ್ರೇಕಿಗೆ ಬಲ ಕೊಡುವ ಬೂಸ್ಟರು ಕೂಡಿಸಿದರು. ಈ ಕಾರಿಗೆ ನನ್ನಿಂದಾದ ಕೊಡುಗೆ ಅದೊಂದೇ, ಅದರ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ.

ಎಲ್ಲ ಮುಗಿದು ಓಡಿಸಿ ನೋಡುವ ದಿನ ಬಂತು. ನಾನು ಸ್ಟೂಲಿನ ಮೇಲೇ ಕೂತು ಕೈ ಬೀಸುವವನಿದ್ದೆ. ರಫೀಕ್‌ಸಾಬರು ಬಿಡಲಿಲ್ಲ. ಹೊಸ ಎಂಜಿನ್ ಹಾಕಿದ ಗಾಡಿಯ ಮೊದಲ ಓಟದಲ್ಲಿ, ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಜುವವರನ್ನು ಮುಂದಿನ ಸೀಟಿನಲ್ಲಿ ಕೂಡಿಸುವುದು ಅವರ ಪದ್ಧತಿ.

"ಧೈರ್ಯದವ್ರಿಗೆ ಸಪ್ಪಳ ಕೇಳಸೂದಿಲ್ರಿ ಸರ," ಅಂದರು. "ಅಂಜೋರ ಕಿವಿಗೆ ಬೋಲ್ಟ್ ಉಸಿರಾಡಿದ್ದೂ ಕೇಳಸ್ತೈತಿ. ನಿಮ್ಮಂಥಾವ್ರು ನನಗ ಇನ್ನೂ ಸಿಕ್ಕಿರಲಿಲ್ಲ. ಕೂಡ್ರಿ. ಏನ ಕೇಳಿದ್ರೂ ಕೈ ಎತ್ರಿ."

ಜೀವಮಾನದಲ್ಲಿ ಮೊದಲ ಸಲ ನನ್ನ ಪುಕ್ಕಲುತನಕ್ಕೆ ಬೇಡಿಕೆ ಬಂದಿತ್ತು. ಗಿರಿಜಾ ಸ್ಟೇರಿಂಗಿಗೆ, ನಾನು ಪಕ್ಕದಲ್ಲಿ, ರಫೀಕ್‌ಸಾಬರು ಹಿಂದೆ. ಗ್ಯಾರೇಜಿನ ಓಣಿ ದಾಟುವುದರೊಳಗೆ ನಾನು ಕೈ ಎತ್ತಿದೆ. ಅದು ನನ್ನ ಬೆಲ್ಟಿನ ಕೊಂಡಿ ಬಾಗಿಲಿಗೆ ಬಡಿಯುವ ಸದ್ದು. ಮತ್ತೆ ಎತ್ತಿದೆ, ಅದು ಕಿಟಕಿಯ ಗಾಜು. ಮೂರನೆಯ ಸಲ ಕಾಲ ಕೆಳಗೆ ಏನೋ ಕಟಕಟ ಎಂದಿತು. ರಫೀಕ್‌ಸಾಬರು ಇಳಿದು ಕೆಳಗೆ ಹೊಕ್ಕು ನೋಡಿದರೆ ಸೈಲೆನ್ಸರಿನ ಒಂದು ಕ್ಲಾಂಪು ಸಡಿಲಿತ್ತು. ಬಿಗಿದು, ನನ್ನ ಭುಜ ತಟ್ಟಿ, "ಶಾಬಾಸ್" ಅಂದರು. ನಾನು ಉಬ್ಬಿದೆ, ಆದರೆ ಕಾರು ಬೈಪಾಸಿಗೆ ಹತ್ತುವವರೆಗೆ ಮಾತ್ರ.

ಗಿರಿಜಾ ಕಿತ್ತೂರಿನ ದಿಕ್ಕಿಗೆ ಹೋಗಿ, ತಿರುಗಿಸಿಕೊಂಡು, ಅದೇ ದಾರಿಯಲ್ಲಿ ಮರಳಿದಳು. ಮುಂದೆ ಒಂದು ತುಂಬಿದ ಲಾರಿ, ಎದುರಿಗೆ ಅದೇ ಏರು. ನನಗೆ ಕೈ ಎತ್ತಬೇಕೆನಿಸಿತು. ಯಾವ ಸಪ್ಪಳಕ್ಕೂ ಅಲ್ಲ, ನಿಲ್ಲಿಸು ಎನ್ನಲು. ಅಷ್ಟರಲ್ಲಿ ಅವಳು ಬಲಕ್ಕೆ ತೆಗೆದು ಕಾಲು ಒತ್ತಿದಳು. ಕಾರು ಒಂದು ಮಾತೂ ಆಡದೆ ಲಾರಿಯನ್ನು ಹಿಂದೆ ಹಾಕಿ ಎಡಕ್ಕೆ ಬಂತು. ಇಷ್ಟು ಸುಲಭವಾಗಿ ಮುಗಿಯಿತೇ ಎಂದು ನನಗೇ ನಂಬಿಕೆಯಾಗಲಿಲ್ಲ. ಗಿರಿಜಾ ಮುಂದೆ ಹೋಗದೆ ಅಂಚಿಗೆ ನಿಲ್ಲಿಸಿದಳು. ರಫೀಕ್‌ಸಾಬರು ಬಿಸಿ ನೋಡಲು ಇಳಿದು ಬಾನೆಟ್ ಎತ್ತಿದರು. ಆಗ ನಾನು ಅವಳ ಕೈ ನೋಡಿದೆ. ಗೇರಿನ ಮೇಲಿದ್ದ ಅವಳ ಕೈ ಗಡಗಡ ನಡುಗುತ್ತಿತ್ತು.

ಇಷ್ಟು ವರ್ಷದ ಸಂಸಾರದಲ್ಲಿ ನಾನು ಅದನ್ನು ನೋಡಿರಲಿಲ್ಲ. ಕೇಳಬಾರದ್ದನ್ನೇ ಕೇಳಿದೆ. "ಗಿರಿಜಾ, ಆ ವ್ಯಾನಿನ ಮಂದಿ ಎಲ್ಲಾ ಮನೀಗೆ ಹೋಗ್ಯಾರಂದಿ. ಖರೇನ ನಿನಗ ಗೊತ್ತಿತ್ತ?"

ಅವಳು ಎದುರಿನ ಗಾಜನ್ನೇ ನೋಡುತ್ತಿದ್ದಳು. "ನನಗೇನ ಗೊತ್ರಿ? ಯಾವೂರ ವ್ಯಾನೋ, ಯಾರ ವ್ಯಾನೋ. ನಮ್ಮಲ್ಲೆ ತಂದೂ ಇಲ್ಲ."

"ಮತ್ತ ಯಾಕ ಹಂಗಂದಿ?"

"ನೀವು ಒಪ್ಪಬೇಕಾಗಿತ್ತು. ಈ ಎಂಜಿನ್ನ ಬೇಕಾಗಿತ್ತು ನನಗ." ಸೆರಗಿನಿಂದ ಎದುರಿನ ಗಾಜು ಒರೆಸಿದಳು. "ನನಗ ಅಂಜಿಕಿ ಇಲ್ಲಂತ ತಿಳದೀರೇನು? ದಿನಾ ಮುಂಜಾನೆ ಇದರಾಗ ಕೂಡೂ ಮುಂದ ವಾರ್ಡಿನ್ಯಾಗ ನೋಡಿದ್ದೆಲ್ಲಾ ಕಣ್ಣಮುಂದ ಬರತೈತಿ. ಆದ್ರ ನೀವು ಮೊದಲ ಅಂಜಿಬಿಡ್ತೀರಿ. ಇಬ್ಬರೂ ಅಂಜಕೋತ ಕುಂತ್ರ ಗಾಡಿ ಹೊಡಿಯೋರು ಯಾರು? ನನಗ ಅಂಜಾಕ ನೀವು ಜಾಗಾನ ಬಿಟ್ಟಿಲ್ಲ."

ಬಾನೆಟ್ ಮುಚ್ಚಿ ರಫೀಕ್‌ಸಾಬರು ಕಿಟಕಿಗೆ ಬಂದು ಕೇಳಿದರು, "ಏನರ ಸಪ್ಪಳ ಕೇಳಿಸ್ತೇನ್ರಿ ಸರ?" ಇಲ್ಲ ಎಂದೆ. ನಿಜವಾಗಿಯೂ ಅಲ್ಲಿಂದ ಮನೆಯವರೆಗೆ ಎಂಜಿನ್ನಿನ ಯಾವ ಸದ್ದೂ ನನ್ನ ಕಿವಿಗೆ ಬೀಳಲಿಲ್ಲ.

ಆಮೇಲೆ ನಾನು ಧೈರ್ಯಸ್ಥನಾದೆ ಎಂದು ಹೇಳಿದರೆ ನೀವು ಈ ಬರಹವನ್ನು ಇಲ್ಲಿಗೇ ಮಡಚಿಡುತ್ತೀರಿ. ಆಗಲಿಲ್ಲ. ಈಗಲೂ ಸಂಜೆ ಗೇಟಿನ ಹತ್ತಿರ ಸುಮ್ಮಸುಮ್ಮನೆ ಗಿಡಕ್ಕೆ ನೀರು ಹಾಕುತ್ತಿರುತ್ತೇನೆ. ಆ ಗಿಡ ಎರಡು ಸಲ ಕೊಳೆತಿದೆ. ಆದರೆ ಬಂದವಳು ಬಟ್ಟಲು ಹಿಡಿದು ಸುಮ್ಮನೆ ಕೂತರೆ ಈಗ ನಾನು ಕೇಳುತ್ತೇನೆ. ಒಮ್ಮೊಮ್ಮೆ ಹೇಳುತ್ತಾಳೆ, ಒಮ್ಮೊಮ್ಮೆ ಅಳುತ್ತಾಳೆ. ನಾನು ಕೇಳಿಸಿಕೊಳ್ಳುತ್ತೇನೆ. ಎದ್ದು ಹೋಗುವುದಿಲ್ಲ, ಅಷ್ಟೇ.

ಇವತ್ತು ಮೆಂತ್ಯ ತೊಳೆದು ಬುಟ್ಟಿಗೆ ಹಾಕುತ್ತಿದ್ದಾಗ ಕಾರು ಬಂತು. ಇನ್ನೂ ಬಿಸಿಲಿತ್ತು, ಅವಳು ಬರುವ ಹೊತ್ತಲ್ಲ. ಒಳಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಕಣ್ಣ ತೋರಿಸಿಕೊಂಡು ಬಂದ್ನಿ. ಎದುರಿನ ಲೈಟು ಒಡದು ಒಡದು ಕಾಣಾಕತ್ತಿದ್ದುವು. ಪೊರಿ ಬಂದೈತಂತ, ಎರಡೂ ಕಣ್ಣಿಗೆ. ತಗಸೂ ತನಕಾ ಗಾಡಿ ಮುಟ್ಟಬ್ಯಾಡ ಅಂದ್ರು. ಇದೊಂದ ಸಲ ಮನೀ ತನಕಾ ಹೊಡಕೊಂಡು ಬಂದ್ನಿ." ಕಾರಿನ ಕೀಲಿ ಇನ್ನೂ ಅವಳ ಕೈಯಲ್ಲೇ ಇತ್ತು. "ಆಪರೇಶನ್ನಿಗೆ ಅಂಜಿಲ್ರಿ. ಆಮ್ಯಾಲೂ ಮತ್ತ ಹೊಡಿಯಾಕ ಆಗದಿದ್ರ ಅಂತ... ನನಗ ಭಾಳ ಅಂಜಿಕಿ ಆಗೇತ್ರಿ."

ಯಾರೂ ಕೇಳದೆ, ತಾನಾಗಿಯೇ ಆಕೆ ಈ ಮಾತು ಹೇಳಿದ್ದು ಇದೇ ಮೊದಲು. ನನ್ನೊಳಗೂ ಅಂಜಿಕೆಗಳು ಸಾಲುಗಟ್ಟಿ ಬಂದವು. ಕಾಣದ ಕಣ್ಣಿನಿಂದ ಇಷ್ಟು ದಿನ ಆ ರಸ್ತೆಯಲ್ಲಿ ಹೋಗಿ ಬಂದಿದ್ದಾಳೆ. ಎಂಜಿನ್ನನ್ನು ಅಷ್ಟು ಆರಿಸಿ ಅಳೆದು ತಂದ ನಾವು ಕಣ್ಣಿನ ಯೋಚನೆಯನ್ನೇ ಮಾಡಿರಲಿಲ್ಲ. ಇದನ್ನೆಲ್ಲ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿದೆ. ಮೆಂತ್ಯದ ಕೈಯನ್ನು ಪಂಚೆಗೆ ಒರೆಸಿಕೊಂಡು ಅವಳ ಮುಂದೆ ಚಾಚಿದೆ.

"ಕೀಲಿ ಕೊಡು. ನನಗ ಕಲಸು."

"ನಿಮಗ?"

"ಅಂಗಳದಾಗ ಕಲಸು. ಲೈಸೆನ್ಸಿಗೆ ನಾಳೆ ಅರ್ಜಿ ಹಾಕ್ತೇನಿ."

ಮಾವನವರ ಸೀಟು ನಾನೆಣಿಸಿದ್ದಕ್ಕಿಂತ ಮೆತ್ತಗಿತ್ತು. ಗಿರಿಜಾ ಪಕ್ಕಕ್ಕೆ ಬಂದು ಕುಳಿತಳು. ಕ್ಲಚ್ಚು, ಗೇರು, ಬ್ರೇಕು ಎಂದು ಒಂದೊಂದಾಗಿ ತೋರಿಸಿದಳು. ಅಂಗಳದ ಕೊನೆಯ ಗೋಡೆ ಎಂದೂ ಇಲ್ಲದಷ್ಟು ಹತ್ತಿರ ಕಂಡಿತು.

"ಅಂಜಿಕಿ ಬರಾಕತ್ತೇತೇನು?" ಎಂದು ಕೇಳಿದೆ.

"ಹೂಂ," ಅಂದಳು, ಸಣ್ಣ ದನಿಯಲ್ಲಿ.

"ಅಂಜು. ಇವತ್ತ ಪಾಳಿ ನಿಂದು."

ಅವಳು ನನ್ನ ಕಡೆ ತಿರುಗಿದಳು. "ನಿಮಗ ಅಂಜಿಕಿ ಇಲ್ಲೇನ್ರಿ?"

"ಛೇ, ನನಗೇನ ಅಂಜಿಕಿ," ಎಂದು ಕೀಲಿ ತಿರುಗಿಸಿದೆ.